ಸಮುರಾಯ್ ಕಥೆಗಳೂ ಪಿರಿಯಾಪಟ್ಟಣದ ಕೋಟೆಯೂ

ಭಾನುವಾರಗಳಂದು ಬೈಲಕುಪ್ಪೆಗೆ ಬರುವ ಪ್ರವಾಸಿಗರನ್ನು ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ನಾವು ಚಿನ್ನದ ದೇವಾಲಯವೆಂದು ಕರೆಯುವ ನಾಮ್‌ಡ್ರೋಲಿಂಗ್ ವಿಹಾರದ ಅಂಗಳಕ್ಕೆ ಕಾಲಿಡುತ್ತಲೇ ಅವರ ದನಿ ತಗ್ಗುತ್ತದೆ. ಕೆಂಪು ವಸ್ತ್ರ ತೊಟ್ಟ ಬಾಲಸನ್ಯಾಸಿಯೊಬ್ಬ ಎದುರಾದರೆ ಹಿಮಾಲಯವೇ ನಡೆದು ಬಂದಂತೆ ಬೆರಗಾಗಿ ನೋಡುತ್ತಾರೆ. ಅದೇ ಹುಡುಗ ಸಂಜೆ ಅಂಗಡಿಯ ಮುಂದೆ ನಿಂತು ಅಚ್ಚ ಕನ್ನಡದಲ್ಲಿ ಚಿಲ್ಲರೆಗಾಗಿ ವಾದ ಮಾಡುವುದು ಅವರಿಗೆ ಕಾಣಸಿಗುವುದಿಲ್ಲ. 1960ರ ದಶಕದ ಆರಂಭದಲ್ಲಿ ಅಂದಿನ ಮೈಸೂರು ಸರ್ಕಾರ ಕೊಟ್ಟ ಕಾಡುಭೂಮಿಯನ್ನು ಕಡಿದು ಹದಮಾಡಿದ ಹಿರಿಯರು, ಮುಸುಕಿನ ಜೋಳ ಬೆಳೆದವರು, ಚಳಿಗಾಲ ಬಂತೆಂದರೆ ಸ್ವೆಟರಿನ ಗಂಟು ಹೊತ್ತು ದೂರದ ನಗರಗಳ ಬೀದಿಬದಿಯಲ್ಲಿ ಕುಳಿತವರು, ಇವರೆಲ್ಲ ಪ್ರವಾಸಿಗರ ಛಾಯಾಚಿತ್ರದ ಚೌಕಟ್ಟಿನೊಳಗೆ ಬರುವುದು ಕಡಿಮೆ. ದೂರವು ಯಾವುದೇ ಜನಾಂಗದ ಬದುಕಿಗೆ ಒಂದು ಬಗೆಯ ಹೊನ್ನಿನ ಲೇಪ ಬಳಿಯುತ್ತದೆ. ಕಾಲದ ದೂರವಂತೂ ಇನ್ನೂ ದಪ್ಪವಾಗಿ ಬಳಿಯುತ್ತದೆ.

ಈ ವಿಚಾರ ನನ್ನ ಮನಸ್ಸಿನಲ್ಲಿ ಸುಳಿದಾಡಲು ಕಾರಣ ಒಂದು ಕಾದಂಬರಿ. ಮೈಸೂರಿನಲ್ಲಿ ಪದವಿ ಓದುತ್ತಿರುವ ನಮ್ಮ ಸಭೆಯ ಹೆಣ್ಣುಮಗಳೊಬ್ಬಳು ಜಪಾನಿನ ಸಮುರಾಯ್ ಕಾಲದ ಪ್ರೇಮಕಥೆಗಳಲ್ಲಿ ಮುಳುಗಿಹೋಗಿದ್ದಾಳೆ. 2024ರಲ್ಲಿ ಬಂದ, ಅದೇ ವರ್ಷ 18 ಎಮ್ಮಿ ಪ್ರಶಸ್ತಿಗಳನ್ನು ಗಳಿಸಿದ ‘ಶೋಗನ್’ ಎಂಬ ಧಾರಾವಾಹಿಯನ್ನು ಅವಳು ಮೊಬೈಲಿನಲ್ಲಿ ನೋಡಿದಳು. ನಂತರ ಅದರ ಮೂಲವಾದ ಜೇಮ್ಸ್ ಕ್ಲಾವೆಲ್ ಅವರ 1975ರ ಕಾದಂಬರಿಯನ್ನು ಹುಡುಕಿ ತಂದು ಓದಿದಳು. ಇಟ್ಟಿಗೆಯಷ್ಟು ದಪ್ಪದ ಪುಸ್ತಕ! ಅವಳ ತಾಯಿಗೆ ದಿಗಿಲು. “ಫಾದರ್, ನೀವಾದರೂ ಒಮ್ಮೆ ಓದಿ ಹೇಳಿ. ಪರೀಕ್ಷೆ ಹತ್ತಿರ ಬಂತು, ಇವಳು ನೋಡಿದರೆ ಕತ್ತಿ, ಯುದ್ಧ ಅಂತ ಕೂತಿದ್ದಾಳೆ” ಎಂದರು. ನಾನು ಓದಿದೆ. ಚೆನ್ನಾಗಿದೆ ಎಂದೂ ಹೇಳಿದೆ. ತಾಯಿಗೆ ಅಷ್ಟು ಸಮಾಧಾನವಾಗಲಿಲ್ಲ. ಆದರೆ ಆ ಹುಡುಗಿ ಹೇಳಿದ ಒಂದು ಮಾತು ನನ್ನೊಳಗೆ ಮುಳ್ಳಿನಂತೆ ಉಳಿಯಿತು. “ಫಾದರ್, ಮಾರಿಕೊ ಸಾಯುವುದೇ ಇಡೀ ಕಥೆಯಲ್ಲಿ ಅತ್ಯಂತ ಸುಂದರವಾದ ಭಾಗ.”

ಕಥೆ ತಿಳಿಯದವರಿಗಾಗಿ ನಾಲ್ಕು ಮಾತು. 1600ರಲ್ಲಿ ವಿಲಿಯಂ ಆಡಮ್ಸ್ ಎಂಬ ಇಂಗ್ಲಿಷ್ ನಾವಿಕ ಡಚ್ಚರ ಹಡಗಿನಲ್ಲಿ ಜಪಾನಿನ ತೀರ ತಲುಪಿದ. ಮುಂದೆ ತೊಕುಗಾವಾ ಇಯೆಯಾಸು ಎಂಬ ಪ್ರಭುವಿನ ವಿಶ್ವಾಸ ಗಳಿಸಿ ಅಲ್ಲಿಯೇ ನೆಲೆನಿಂತು 1620ರಲ್ಲಿ ತೀರಿಕೊಂಡ. ಇದು ಇತಿಹಾಸ. ಕ್ಲಾವೆಲ್ ಹೆಸರುಗಳನ್ನೆಲ್ಲ ಬದಲಿಸಿ, ಆ ನಾವಿಕನಿಗೂ ಮಾರಿಕೊ ಎಂಬ ಕ್ರೈಸ್ತ ಸಮುರಾಯ್ ಸ್ತ್ರೀಗೂ ಪ್ರೇಮ ಬೆಸೆದರು. ಕೊನೆಗೆ ಓಸಾಕಾದ ಕೋಟೆಯಲ್ಲಿ ಮಾರಿಕೊ ತನ್ನ ಒಡೆಯನ ಹಿತಕ್ಕಾಗಿ ಪ್ರಾಣ ಒಪ್ಪಿಸುತ್ತಾಳೆ. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಸೆರೆಯಾಗಿ ಸಿಂಗಪುರದ ಚಾಂಗಿ ಶಿಬಿರದಲ್ಲಿ ನರಳಿದ ವ್ಯಕ್ತಿ ಈ ಕ್ಲಾವೆಲ್. ತನ್ನನ್ನು ಸೆರೆಯಲ್ಲಿಟ್ಟವರ ಪೂರ್ವಿಕರ ಬಗ್ಗೆ ಇಷ್ಟು ಮೋಹದಿಂದ ಬರೆದರಲ್ಲ ಎಂಬುದು ನನಗೆ ಕಾದಂಬರಿಗಿಂತ ಹೆಚ್ಚು ಆಶ್ಚರ್ಯ ತಂದ ಸಂಗತಿ.

ಮಾರಿಕೊ ಎಂಬ ಪಾತ್ರದ ಹಿಂದೆ ನಿಜವಾದ ಒಬ್ಬ ಸ್ತ್ರೀ ಇದ್ದಾಳೆ. ಅವಳ ಹುಟ್ಟುಹೆಸರು ತಾಮಾ. 1563ರಲ್ಲಿ ಅಕೆಚಿ ಮಿತ್ಸುಹಿದೆ ಎಂಬ ಸೇನಾಪತಿಯ ಮಗಳಾಗಿ ಹುಟ್ಟಿದವಳು. 1578ರಲ್ಲಿ ಹೊಸೊಕಾವಾ ತಾದಾಓಕಿ ಎಂಬ ಪ್ರಭುಪುತ್ರನೊಡನೆ ವಿವಾಹ. 1582ರಲ್ಲಿ ಅವಳ ತಂದೆ ತನ್ನ ಒಡೆಯನಾದ ಓದಾ ನೊಬುನಾಗಾನ ಮೇಲೆ ತಿರುಗಿಬಿದ್ದ, ನೊಬುನಾಗಾ ಸತ್ತ, ಎರಡು ವಾರ ಕಳೆಯುವಷ್ಟರಲ್ಲಿ ತಂದೆಯೂ ಸತ್ತ. ದ್ರೋಹಿಯ ಮಗಳಾದ ತಾಮಾಳನ್ನು ಗಂಡ ಬೆಟ್ಟಗಾಡಿನ ಒಂದು ಹಳ್ಳಿಗೆ ಕಳುಹಿಸಿ ಸುಮಾರು ಎರಡು ವರ್ಷ ಬಚ್ಚಿಟ್ಟ. ಹಿಂದಿರುಗಿದ ಮೇಲೆಯೂ ಮನೆಯ ಹೊಸಿಲು ದಾಟುವ ಸ್ವಾತಂತ್ರ್ಯ ಅವಳಿಗಿರಲಿಲ್ಲ.

ಗಂಡನಿಗೆ ತಕಾಯಾಮಾ ಉಕೋನ್ ಎಂಬ ಕ್ರೈಸ್ತ ಗೆಳೆಯನಿದ್ದ. ಆ ಗೆಳೆಯ ಆಡಿದ ಧರ್ಮದ ಮಾತುಗಳನ್ನು ಗಂಡ ಮನೆಗೆ ಬಂದು ಕುತೂಹಲಕ್ಕೆಂದು ಹೇಳುತ್ತಿದ್ದನಂತೆ. ಕೇಳಿದವಳ ಮನಸ್ಸಿನಲ್ಲಿ ಅದು ಬೇರೂರಿತು. 1587ರಲ್ಲಿ ಗಂಡ ಯುದ್ಧಕ್ಕೆಂದು ದೂರ ಹೋದಾಗ ಅವಳು ವೇಷ ಮರೆಸಿಕೊಂಡು ಓಸಾಕಾದ ದೇವಾಲಯಕ್ಕೆ ಒಂದೇ ಒಂದು ಸಲ ಹೋಗಿಬಂದಳು. ಅದೇ ವರ್ಷ ಹಿದೆಯೋಶಿ ಎಂಬ ಅಧಿಪತಿ ಕ್ರೈಸ್ತ ಪ್ರೇಷಿತರನ್ನು ದೇಶದಿಂದ ಹೊರಹಾಕುವ ಆಜ್ಞೆ ಹೊರಡಿಸಿದ. ಗುರುಗಳು ಅವಳ ಮನೆಗೆ ಬರುವಂತಿರಲಿಲ್ಲ, ಅವಳು ದೇವಾಲಯಕ್ಕೆ ಹೋಗುವಂತಿರಲಿಲ್ಲ. ಆಗ ಅವಳ ಸಖಿ, ತಾನೇ ಮೊದಲು ದೀಕ್ಷೆ ಪಡೆದಿದ್ದ ಕಿಯೊಹಾರಾ ಮರಿಯಾ, ಆ ಮನೆಯ ಗೋಡೆಗಳ ನಡುವೆಯೇ ಒಡತಿಗೆ ಜ್ಞಾನಸ್ನಾನ ನೀಡಿದಳು. ತಾಮಾ ಅಂದಿನಿಂದ ಗ್ರಾಸಿಯಾ ಆದಳು, ಅಂದರೆ ಕೃಪೆ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಗುರುವಾಗಿರುವವರೂ ಕೇಳಿ ತಲೆಬಾಗಬೇಕಾದ ಜ್ಞಾನಸ್ನಾನ ಅದು! ಒಬ್ಬ ಸೇವಕಿಯ ಕೈ, ಒಂದು ಪಾತ್ರೆ ನೀರು, ಬಾಗಿಲ ಹೊರಗೆ ಕಾವಲುಗಾರರು.

ಅವಳ ಸಾವಿನ ಸಂಗತಿ ಹೀಗಿದೆ. 1600ರ ಆಗಸ್ಟ್ ತಿಂಗಳು. ಗಂಡ ಇಯೆಯಾಸುವಿನ ಪಕ್ಷದಲ್ಲಿ ಯುದ್ಧಕ್ಕೆ ಹೋಗಿದ್ದಾನೆ. ಎದುರು ಪಕ್ಷದ ಇಶಿದಾ ಮಿತ್ಸುನಾರಿ ಓಸಾಕಾದಲ್ಲಿದ್ದ ಪ್ರಭುಗಳ ಹೆಂಡತಿ ಮಕ್ಕಳನ್ನು ಒತ್ತೆಯಾಳುಗಳಾಗಿ ಹಿಡಿಯಲು ಹೊರಟ. ಗ್ರಾಸಿಯಾ ಒಪ್ಪಲಿಲ್ಲ. ಸೈನಿಕರು ಮನೆ ಮುತ್ತಿದರು. ಕ್ರೈಸ್ತಳಾದುದರಿಂದ ಅವಳು ಸಮುರಾಯ್ ಸ್ತ್ರೀಯರ ರೂಢಿಯಂತೆ ತನ್ನ ಕೈಯಾರೆ ಪ್ರಾಣ ತೆಗೆದುಕೊಳ್ಳಲಿಲ್ಲ. ಓಗಾಸಾವಾರಾ ಶೋಸಾಯ್ ಎಂಬ ಮನೆಯ ಹಿರಿಯ ಸೇವಕ ಅವಳನ್ನು ಕೊಂದು, ಮನೆಗೆ ಬೆಂಕಿಯಿಟ್ಟು, ತಾನೂ ಸತ್ತ. ಅವಳಿಗೆ ಮೂವತ್ತೇಳು ವರ್ಷ. ಯೇಸುಸಭೆಯ ಇಟಲಿಯ ಗುರು ಓರ್ಗಾಂತಿನೊ ಬೂದಿಯಲ್ಲಿ ಅವಳ ಅಸ್ಥಿಗಳನ್ನು ಆಯ್ದು ಸಮಾಧಿ ಮಾಡಿಸಿದರು.

ಕಥೆಗಾರರು ಇಲ್ಲಿಗೆ ನಿಲ್ಲಿಸಿ ಹೂವು ಚೆಲ್ಲುತ್ತಾರೆ. ಆದರೆ ಯುದ್ಧಕ್ಕೆ ಹೊರಡುವ ಮುನ್ನವೇ ಗಂಡ ಮನೆಯ ಸೇವಕರಿಗೆ ಆಜ್ಞೆ ಕೊಟ್ಟಿದ್ದ: ಹೆಂಡತಿಯ ಮಾನಕ್ಕೆ ಕುಂದು ಬರುವ ಸಂದರ್ಭ ಬಂದರೆ ಅವಳನ್ನು ಕೊಂದು ನೀವೂ ಸಾಯಿರಿ, ಎಂದು. ಅವಳು ತೋರಿದ ಧೈರ್ಯ ಅವಳದೇ, ಅದರಲ್ಲಿ ಸಂಶಯವಿಲ್ಲ. ಸಾವಿನ ತೀರ್ಮಾನ ಮಾತ್ರ ಅವಳು ಬಾಯಿ ತೆರೆಯುವ ಮೊದಲೇ ಆಗಿತ್ತು. ಗುರುಮಠದಲ್ಲಿ ನಾವು ನೈತಿಕ ದೈವಶಾಸ್ತ್ರ ಓದುವಾಗ ‘ಸ್ವತಂತ್ರ ಸಮ್ಮತಿ’ ಎಂಬ ಪದವನ್ನು ಗಂಟೆಗಟ್ಟಲೆ ಚರ್ಚಿಸಿದ್ದುಂಟು. ಸುತ್ತ ಸೈನಿಕರು, ಕೋಣೆಯ ಹೊರಗೆ ಆಜ್ಞೆ ಹೊತ್ತು ನಿಂತ ಸೇವಕ, ಹೀಗಿರುವಾಗ ಒಬ್ಬಳು ಹೇಳುವ ‘ಹೂಂ’ ಎಂಬುದರಲ್ಲಿ ಸಮ್ಮತಿ ಎಷ್ಟು, ಬೇರೆ ದಾರಿಯಿಲ್ಲದಿರುವುದು ಎಷ್ಟು? ಇದನ್ನು ಬಿಡಿಸಿ ಹೇಳಬಲ್ಲ ಪಂಡಿತರನ್ನು ನಾನು ಕಂಡಿಲ್ಲ. ಧರ್ಮಸಭೆಯೂ ಅವಳನ್ನು ಸಂತಳೆಂದು ಘೋಷಿಸಿಲ್ಲ. ಅವಳಿಗೆ ಧರ್ಮದ ಮಾತು ತಲುಪಲು ಕಾರಣನಾದ ಉಕೋನ್‌ನನ್ನು, ವಿಶ್ವಾಸ ಬಿಡಲೊಲ್ಲದೆ ಸೀಮೆ ಕಳೆದುಕೊಂಡು 1615ರಲ್ಲಿ ಮನಿಲಾದಲ್ಲಿ ದೇಶಭ್ರಷ್ಟನಾಗಿ ಸತ್ತವನನ್ನು, 2017ರಲ್ಲಿ ‘ಧನ್ಯ’ರೆಂದು ಸಾರಲಾಯಿತು.

ರಮ್ಯತೆಯ ಲೇಪ ಬಳಿಯುವುದರಲ್ಲಿ ನಮ್ಮವರೇನೂ ಹಿಂದೆ ಬಿದ್ದಿಲ್ಲ. 1698ರಲ್ಲಿ ವಿಯೆನ್ನಾದ ಯೇಸುಸಭೆಯ ಶಾಲೆಯಲ್ಲಿ ಗ್ರಾಸಿಯಾಳ ಕಥೆಯನ್ನು ಲತೀನ್ ಭಾಷೆಯ ಸಂಗೀತ ನಾಟಕವಾಗಿ ಚಕ್ರವರ್ತಿಯ ಮುಂದೆ ಆಡಿದರು. ಅದರಲ್ಲಿ ಗಂಡ ಕ್ರೂರಿ, ಹೆಂಡತಿ ಅವನ ಹಿಂಸೆಗೆ ಬಲಿಯಾದ ರಕ್ತಸಾಕ್ಷಿ. ರಾಜಕೀಯದ ಒತ್ತೆಯಾಳಿನ ಮಾತು ಹಿಂದೆ ಸರಿಯಿತು. ಸಮುರಾಯ್ ಎಂಬ ವೀರನ ಚಿತ್ರವೂ ಹಾಗೆಯೇ. 1876ರಲ್ಲಿ ಜಪಾನ್ ಸರ್ಕಾರ ಕತ್ತಿ ಧರಿಸುವ ಹಕ್ಕನ್ನೇ ಅವರಿಂದ ಕಿತ್ತುಕೊಂಡ ಮೇಲೆ, 1900ರಲ್ಲಿ ನಿತೋಬೆ ಇನಾಜೊ ಎಂಬ ಜಪಾನೀ ಕ್ರೈಸ್ತರು ‘ಬುಷಿದೋ’ ಎಂಬ ಪುಸ್ತಕವನ್ನು ಇಂಗ್ಲಿಷಿನಲ್ಲಿ ಬರೆದರು. ಲೋಕಕ್ಕೆ ಪರಿಚಯವಾದ ಸಮುರಾಯ್ ಧರ್ಮ ಬಹುಮಟ್ಟಿಗೆ ಆ ಪುಸ್ತಕದಿಂದ ಬಂದದ್ದು. ಹುಲಿ ಕಾಡಿನಿಂದ ಮರೆಯಾದ ಮೇಲೆ ಅದರ ಚಿತ್ರ ಗೋಡೆಯ ಮೇಲೆ ಇನ್ನಷ್ಟು ಚೆನ್ನಾಗಿ ಕಾಣುತ್ತದೆ.

ಜಪಾನಿನ ಮಾತು ಹಾಗಿರಲಿ, ಬೈಲಕುಪ್ಪೆಯಿಂದ ಮೈಸೂರಿನ ದಾರಿ ಹಿಡಿದು ಇಪ್ಪತ್ತು ಕಿಲೋಮೀಟರಿನೊಳಗೆ ಪಿರಿಯಾಪಟ್ಟಣವಿದೆ. ತಾಲ್ಲೂಕು ಕಛೇರಿಗೂ ತಂಬಾಕಿನ ಹರಾಜಿಗೂ ಹೋಗುವ ನಾವು, ಅಲ್ಲಿ ಕೋಟೆಯೊಂದಿತ್ತು ಎಂಬುದನ್ನು ನೆನೆಯುವುದು ಅಪರೂಪ. ಚಂಗಾಳ್ವರೆಂಬ ಅರಸರು ಈ ಸೀಮೆಯನ್ನೂ ಕೊಡಗಿನ ಅಂಚನ್ನೂ ಶತಮಾನಗಳ ಕಾಲ ಆಳಿದರು. ಹುಣಸೂರಿನ ಬಳಿಯ ಕಲ್ಲಹಳ್ಳಿಯಲ್ಲಿದ್ದು ಹದಿನಾರನೆಯ ಶತಮಾನದಲ್ಲಿ ‘ಸೂಪಶಾಸ್ತ್ರ’ ಎಂಬ ಅಡುಗೆಯ ಕಾವ್ಯ ಬರೆದ ಮೂರನೆಯ ಮಂಗರಸ ಇದೇ ಅರಸುಮನೆಗಳ ವಲಯದವನು. ಮುಂದೆ 1640ರ ದಶಕದಲ್ಲಿ ಮೈಸೂರಿನ ಕಂಠೀರವ ನರಸರಾಜ ಒಡೆಯರ ಸೇನೆ ಪಿರಿಯಾಪಟ್ಟಣವನ್ನು ಮುತ್ತಿತು. ಕೋಟೆ ಉಳಿಯದೆಂದು ಕಂಡಾಗ ಒಳಗಿದ್ದ ವೀರರಾಜ ಏನು ಮಾಡಿದ ಎಂಬುದನ್ನು ಬಿ.ಎಲ್. ರೈಸ್ ತಮ್ಮ ಮೈಸೂರು ಗ್ಯಾಸೆಟಿಯರಿನಲ್ಲಿ ದಾಖಲಿಸಿದ್ದಾರೆ. ತನ್ನ ಹೆಂಡಿರು ಮಕ್ಕಳನ್ನು ಕೊಂದು, ಆಮೇಲೆ ಹೋರಾಡಿ ಸತ್ತ.

ಓಸಾಕಾಕ್ಕೂ ಪಿರಿಯಾಪಟ್ಟಣಕ್ಕೂ ನಡುವೆ ಒಂದು ಸಮುದ್ರವಿದೆ, ನಲವತ್ತಕ್ಕೂ ಹೆಚ್ಚು ವರ್ಷಗಳ ಅಂತರವಿದೆ. ಭಾಷೆ ಬೇರೆ, ದೇವರು ಬೇರೆ, ಉಡುಪು ಬೇರೆ. ಕೋಟೆಯ ಬಾಗಿಲು ಮುರಿಯುವ ಹೊತ್ತಿಗೆ ಗಂಡಸಿಗೆ ಹೊಳೆದ ಉಪಾಯ ಮಾತ್ರ ಒಂದೇ.

ಈ ಕಾಳಗದಲ್ಲಿ ಗೆದ್ದವರ ಕೀರ್ತಿಗೆ ಕೊರತೆಯಾಗಲಿಲ್ಲ. ಕಂಠೀರವ ನರಸರಾಜರ ವಿಜಯಗಳನ್ನು ಗೋವಿಂದವೈದ್ಯ 1648ರಲ್ಲಿ ಸಾಂಗತ್ಯ ಕಾವ್ಯವಾಗಿ ಬರೆದ. 1960ರಲ್ಲಿ ರಾಜ್‌ಕುಮಾರ್ ನಟಿಸಿದ ‘ರಣಧೀರ ಕಂಠೀರವ’ ಚಿತ್ರ ಬಂತು. ನಾನು ಹುಡುಗನಾಗಿದ್ದಾಗ ಟೂರಿಂಗ್ ಟಾಕೀಸಿನ ಮರಳ ಮೇಲೆ ಕುಳಿತು ಆ ಹಳೆಯ ಚಿತ್ರವನ್ನು ನೋಡಿದ್ದೇನೆ. ಕತ್ತಿಯ ಒಂದೊಂದು ಬೀಸಿಗೂ ಶಿಳ್ಳೆ ಹೊಡೆಯುತ್ತಿದ್ದವರಲ್ಲಿ ಮುಂದೆ ಗುರುವಾಗಲಿದ್ದ ಬಾಲಕನೂ ಒಬ್ಬ. ಅರಸನ ವೀರವನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಸೋತ ವೀರರಾಜನಿಗೂ ಜನಪದರು ಪಿರಿಯಾಪಟ್ಟಣದ ಕಾಳಗದ ಕಥನವನ್ನು ಕಟ್ಟಿ ನೆನಪು ಉಳಿಸಿದ್ದಾರೆ. ಆದರೆ ರೈಸ್ ಬರೆದ ಆ ವಾಕ್ಯದಲ್ಲಿ ‘ಹೆಂಡಿರು, ಮಕ್ಕಳು’ ಎಂಬ ಬಹುವಚನವಷ್ಟೇ ಇದೆ. ಎಷ್ಟು ಜನ? ಹೆಸರೇನು? ಕೈಮುಗಿದು ನಿಂತರೋ, ಮಗುವನ್ನೆತ್ತಿಕೊಂಡು ಹಿತ್ತಲ ಬಾಗಿಲಿಗೆ ಓಡಿದರೋ?

ಓಸಾಕಾದಲ್ಲಿ ಮಾತ್ರ ಇದಕ್ಕೆ ಉತ್ತರ ಹೇಳುವ ಒಂದು ದನಿ ಉಳಿಯಿತು. ಬೆಂಕಿ ಹಚ್ಚುವ ಮುನ್ನ ಗ್ರಾಸಿಯಾ ತನ್ನ ಸಖಿಯರನ್ನು ಹೊರಗೆ ಕಳುಹಿಸಿದಳು. ಹೊರಬಂದವರಲ್ಲಿ ಶಿಮೋ ಎಂಬವಳೊಬ್ಬಳು. ನಲವತ್ತೆಂಟು ವರ್ಷಗಳ ನಂತರ ಗ್ರಾಸಿಯಾಳ ಮೊಮ್ಮಗ, ಆಗ ಪ್ರಭುವಾಗಿದ್ದವನು, ಅಜ್ಜಿ ಹೇಗೆ ಸತ್ತಳು ಎಂದು ಕೇಳಿದಾಗ ಆ ವೃದ್ಧೆ ತಾನು ಕಂಡದ್ದನ್ನು ನೆನಪಿಸಿಕೊಂಡು ಬರೆಸಿಟ್ಟಳು. ಅದು 1648. ಅತ್ತ ಶ್ರೀರಂಗಪಟ್ಟಣದ ಆಸ್ಥಾನಕ್ಕಾಗಿ ಗೋವಿಂದವೈದ್ಯ ವಿಜಯದ ಕಾವ್ಯ ಬರೆದ ವರ್ಷವೂ ಅದೇ. ಎರಡು ಬರಹಗಳೂ ಒಂದೇ ವರ್ಷದವು ಎಂಬುದು ಕೇವಲ ಆಕಸ್ಮಿಕ; ಆದರೂ ಈ ಎರಡು ಇಸವಿಗಳನ್ನು ಒಂದೇ ಕಾಗದದ ಮೇಲೆ ಗುರುತು ಹಾಕಿಕೊಂಡ ದಿನ ನನಗೆ ರಾತ್ರಿ ಬಹಳ ಹೊತ್ತು ನಿದ್ರೆ ಬರಲಿಲ್ಲ. ಪಿರಿಯಾಪಟ್ಟಣಕ್ಕೆ ಒಬ್ಬ ಶಿಮೋ ಸಿಗಲಿಲ್ಲ.

ನಮ್ಮ ಕನ್ನಡದ ಚಾರಿತ್ರಿಕ ಕಾದಂಬರಿಗಳನ್ನು ಪ್ರೀತಿಯಿಂದ ಓದಿದವನು ನಾನು. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದ ಕಾಲದಿಂದ ಕೋಟೆ, ಕತ್ತಿ, ಪ್ರೇಮ ಈ ಮೂರೂ ನಮ್ಮ ಮನೆಗಳ ಓದಿನಲ್ಲಿ ಸೇರಿಹೋಗಿವೆ. ಬೆಂಗಳೂರಿನಲ್ಲಿ ಅಂಗಸಾಧನೆಯ ಗರಡಿ ನಡೆಸುತ್ತಿದ್ದ ಕೆ.ವಿ. ಅಯ್ಯರ್ ‘ಶಾಂತಲಾ’ ಬರೆದರು. ನನ್ನ ತಾಯಿಯ ತಲೆಮಾರಿನ ಎಷ್ಟು ಹೆಂಗಸರು ಅದನ್ನೋದಿ ಕಣ್ಣೀರಿಟ್ಟರೋ! ಹೊಯ್ಸಳರ ರಾಣಿ 1131ರಲ್ಲಿ ಶಿವಗಂಗೆಯಲ್ಲಿ ದೇಹ ಬಿಟ್ಟಳೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಜನರ ನೆನಪು ಅದಕ್ಕೆ ತುದಿಬಂಡೆಯನ್ನೂ ಜಿಗಿತವನ್ನೂ ಸೇರಿಸಿತು. ತ.ರಾ.ಸು. ಅವರ ‘ದುರ್ಗಾಸ್ತಮಾನ’ದಲ್ಲಿ ಚಿತ್ರದುರ್ಗದ ಅಂತ್ಯವನ್ನು ಓದಿದವರಿಗೆ ಕೋಟೆಯ ಅಕ್ಕತಂಗಿ ಹೊಂಡದ ದಂಡೆಯಲ್ಲಿ ನಿಂತಾಗ ಮೈ ಜುಮ್ಮೆನ್ನುತ್ತದೆ, ಮದಕರಿನಾಯಕನ ರಾಣಿಯರು ಹಾರಿದ್ದು ಇಲ್ಲೇ ಎಂದು ಅಲ್ಲಿಯವರು ತೋರಿಸುತ್ತಾರೆ. ಬೆಟ್ಟ, ಹೊಂಡ, ಬೆಂಕಿ. ಸೋಲು ಗಂಡಸಿನದು, ಅದರ ಸೌಂದರ್ಯವನ್ನು ಹೊರುವ ದೇಹ ಹೆಣ್ಣಿನದು. ಈ ಪುಸ್ತಕಗಳನ್ನು ಮಕ್ಕಳ ಕೈಯಿಂದ ಕಸಿದುಕೊಳ್ಳಿ ಎಂದು ನಾನು ಯಾವ ತಂದೆತಾಯಿಗೂ ಹೇಳುವುದಿಲ್ಲ. ಅವುಗಳಲ್ಲಿ ಭಾಷೆಯಿದೆ, ನೆಲದ ನೆನಪಿದೆ, ಮನುಷ್ಯನ ಹಿರಿತನವೂ ಇದೆ. ಆ ಹುಡುಗಿ ಅಂದ ‘ಸುಂದರ’ ಎಂಬ ಮಾತಿನ ಬಳಿ ಮಾತ್ರ ನನ್ನ ಕಾಲು ತಡೆಯುತ್ತದೆ.

ತಡೆಯುವುದಕ್ಕೆ ಕಾರಣ ಹಳೆಯ ಕೋಟೆಗಳಲ್ಲ. 2022ರ ಜೂನ್ ತಿಂಗಳಲ್ಲಿ ಇದೇ ಪಿರಿಯಾಪಟ್ಟಣ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದ ಸುದ್ದಿಯನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದೆವು. ಬೇರೆ ಜಾತಿಯ ಯುವಕನನ್ನು ಪ್ರೀತಿಸಿದ ಹದಿಹರೆಯದ ಮಗಳ ಕೊಲೆ, ತಂದೆಯ ಬಂಧನ. ಅಲ್ಲಿ ಕುದುರೆಯಿರಲಿಲ್ಲ, ಪತಾಕೆಯಿರಲಿಲ್ಲ. ‘ಮರ್ಯಾದೆ’ ಎಂಬ ಪದವೊಂದು ಮಾತ್ರ ಇತ್ತು; ವೀರರಾಜನ ಕಾಲದ ಅದೇ ಪದ. ನಮ್ಮ ಕ್ರೈಸ್ತ ಮನೆಗಳಲ್ಲಿ ಹೀಗಾಗುವುದಿಲ್ಲ ಎಂದು ಯಾರಾದರೂ ಎದೆತಟ್ಟಿ ಹೇಳಿದರೆ, ನಾನು ಅವರನ್ನು ಕೆಲವು ಮನೆಗಳ ಗೋಡೆ ನೋಡಲು ಕರೆದೊಯ್ಯಬಲ್ಲೆ. ಹಿರಿಯ ಮಗನ ಗುರುದೀಕ್ಷೆಯ ಚಿತ್ರ, ಎರಡನೆಯವನ ಮದುವೆಯ ಚಿತ್ರ, ಅದರ ಪಕ್ಕದಲ್ಲಿ ಮೊಳೆ ಮಾತ್ರ ಉಳಿದ ಒಂದು ಜಾಗ. “ಆ ಹುಡುಗಿ ನಮ್ಮ ಪಾಲಿಗೆ ಸತ್ತಳು ಸ್ವಾಮಿ” ಎಂದು ಹೇಳಿದವರ ಮನೆಯಲ್ಲಿ ನಾನು ಕಾಫಿ ಕುಡಿದಿದ್ದೇನೆ. ಆ ಮಗಳು ಹುಣಸೂರಿನಲ್ಲಿ ಬಾಡಿಗೆ ಮನೆಯಲ್ಲಿ ಬದುಕಿದ್ದಾಳೆ. ಅವಳ ಮಗುವಿಗೆ ಜ್ಞಾನಸ್ನಾನ ಕೊಟ್ಟವನೂ ನಾನೇ. ಅಜ್ಜಿ ಬಂದಿರಲಿಲ್ಲ. ಕುಪ್ಪಸವೊಂದನ್ನು ಹೊಲಿದು ಯಾರ ಕೈಯಲ್ಲೋ ಕಳುಹಿಸಿದ್ದರು.

ಓಸಾಕಾದ ಆ ಮನೆಯ ಕಥೆಗೆ ಇನ್ನೊಂದು ಕವಲಿದೆ. ಅದು ಕ್ಲಾವೆಲ್ ಅವರ ಪುಸ್ತಕದಲ್ಲಿಲ್ಲ, ವಿಯೆನ್ನಾದ ನಾಟಕದಲ್ಲೂ ಇಲ್ಲ. ಗ್ರಾಸಿಯಾಳ ಹಿರಿಯ ಮಗ ತಾದಾತಾಕಾನ ಹೆಂಡತಿ ಚಿಯೋ. ಆ ದಿನ ಅವಳೂ ಅದೇ ಮನೆಯಲ್ಲಿದ್ದಳು. ಅತ್ತೆಯೊಡನೆ ಸಾಯದೆ ನೆರೆಯ ಪ್ರಭುವಿನ ಮನೆಗೆ ತಪ್ಪಿಸಿಕೊಂಡು ಬದುಕಿಕೊಂಡಳು. ಯುದ್ಧ ಗೆದ್ದು ಬಂದ ಮಾವನಿಗೆ ಇದು ತನ್ನ ಮನೆತನಕ್ಕೆ ತಟ್ಟಿದ ಕಳಂಕವಾಗಿ ಕಂಡಿತು. ಅವಳನ್ನು ಬಿಟ್ಟುಬಿಡು ಎಂದು ಮಗನಿಗೆ ಆಜ್ಞಾಪಿಸಿದ. ಮಗ ಬಿಡಲಿಲ್ಲ. ತಂದೆ ಅವನನ್ನು ವಾರಸುದಾರಿಕೆಯಿಂದ ತೆಗೆದುಹಾಕಿದ. ರಾಜ್ಯ ಸಿಗಬೇಕಾಗಿದ್ದ ಹಿರಿಯ ಮಗ ಕ್ಯೋಟೋ ನಗರದಲ್ಲಿ ಸಾಮಾನ್ಯನಾಗಿ ದಿನ ಕಳೆದ. ಮುಂದೆ ಅವರಿಬ್ಬರ ದಾರಿ ಬೇರೆಯಾಯಿತೆಂಬುದನ್ನೂ ಹೇಳಬೇಕು. ಬದುಕು ಕಾದಂಬರಿಯಷ್ಟು ಅಚ್ಚುಕಟ್ಟಲ್ಲ. ಆದರೂ, ಬದುಕಿ ಬಂದಳೆಂಬ ಒಂದೇ ಅಪರಾಧಕ್ಕೆ ಹೆಂಡತಿಯನ್ನು ತೊರೆಯಲೊಪ್ಪದೆ ಸೀಮೆಯನ್ನೇ ಕಳೆದುಕೊಂಡ ಸಮುರಾಯ್ ಒಬ್ಬನಿದ್ದ. ನನಗೆ ಆ ಕಾಲದ ಪ್ರೇಮಕಥೆ ಎಂದರೆ ಇದೇ. ಇದರಲ್ಲಿ ಕತ್ತಿಯಿಲ್ಲ, ಆದ್ದರಿಂದ ಧಾರಾವಾಹಿ ಮಾಡುವವರಿಗೆ ರುಚಿಸದೇನೋ!

ಮದುವೆಯಾಗಲಿರುವ ಯುವಕ ಯುವತಿಯರಿಗೆ ನಾವು ನಡೆಸುವ ಸಿದ್ಧತಾ ಶಿಬಿರದಲ್ಲಿ ಒಮ್ಮೆ ಈ ಕಥೆಯನ್ನು ಹೇಳಿದೆ. ಹಿಂದಿನ ಸಾಲಿನಲ್ಲಿದ್ದ, ತಂಬಾಕು ಬೆಳೆಯುವ ಮನೆಯ ಯುವಕನೊಬ್ಬ ಎದ್ದು ನಿಂತು, “ಹಾಗಾದರೆ ಆಸ್ತಿ ಯಾರಿಗೆ ಹೋಯಿತು ಫಾದರ್?” ಎಂದು ಕೇಳಿದ. ಎಲ್ಲರೂ ನಕ್ಕರು. ಮೂರನೆಯ ಮಗ ತಾದಾತೋಶಿಗೆ ಹೋಯಿತು ಎಂದೆ. ಅವನು ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದ. “ನಮ್ಮಪ್ಪನೂ ಹಾಗೇ ಹೇಳಿದ್ದಾರೆ” ಎಂದ. ಈ ಸಲ ಯಾರೂ ನಗಲಿಲ್ಲ. ಅವನ ಪಕ್ಕದಲ್ಲಿ ಕುಳಿತಿದ್ದ ಹುಡುಗಿ ಅವನ ಅಂಗಿಯ ತೋಳು ಹಿಡಿದು ಮೆಲ್ಲಗೆ ಕೂರಿಸಿದಳು.